ಫಾಗಿಂಗ್, ಗಪ್ಪಿ ಮೀನು, ಪರದೆ, ವೋಲ್ಬಾಕಿಯ: ನಿಮ್ಮ ಸೊಳ್ಳೆಗೆ ಯಾವುದು ಸರಿ?

1883ರಲ್ಲಿ ರೊನಾಲ್ಡ್ ರಾಸ್ ಎಂಬ ಎಳೆಯ ಸೇನಾ ವೈದ್ಯರು ಬೆಂಗಳೂರಿನ ದಂಡಿಗೆ ಕೆಲಸದ ಮೇಲೆ ಬಂದರು. ಇರಲು ಸಿಕ್ಕ ಬಂಗಲೆ ಹಿತವಾಗಿತ್ತು, ಸೊಳ್ಳೆ ಕಾಟ ಮಾತ್ರ ಹೇಳತೀರದು. ಕಿಟಕಿಯ ಹೊರಗೊಂದು ನೀರಿನ ತೊಟ್ಟಿ ಇತ್ತು. ಬಗ್ಗಿ ನೋಡಿದರೆ ಅದರ ತುಂಬ ಮಿಜಿಗುಡುವ ಹುಳು, ಎಂದರೆ ಸೊಳ್ಳೆಯ ಮರಿಗಳು. ತೊಟ್ಟಿಯನ್ನು ಬೋರಲು ಹಾಕಿದರು, ಕೋಣೆಯ ಸೊಳ್ಳೆ ಕಡಿಮೆಯಾಯಿತು. ಮೆಸ್ಸಿನ ಸುತ್ತ ಇರುವ ತೊಟ್ಟಿ, ಹೂದಾನಿಗಳನ್ನೂ ಹೀಗೇ ಖಾಲಿ ಮಾಡಿಸೋಣ ಎಂದು ಅಲ್ಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ.

ಹದಿನಾಲ್ಕು ವರ್ಷದ ಮೇಲೆ, 1897ರ ಆಗಸ್ಟ್ 20ರಂದು, ಇದೇ ರಾಸ್ ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡರು. ಕಚ್ಚಿಸಿಕೊಂಡ ರೋಗಿಗೆ ಸೊಳ್ಳೆಗೊಂದಾಣೆಯಂತೆ ಕೂಲಿ ಕೊಟ್ಟು ಮಾಡಿದ ಕೆಲಸ ಅದು. ಮರುವರ್ಷ ಕಲ್ಕತ್ತದಲ್ಲಿ ಹಕ್ಕಿಗಳ ಮಲೇರಿಯಾ ಹಿಡಿದು, ರೋಗಾಣು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ತಲುಪಿ ಕಡಿತದ ಮೂಲಕ ಹರಡುತ್ತದೆಂದು ತೋರಿಸಿದರು. 1902ರಲ್ಲಿ ನೊಬೆಲ್ ಬಂತು. ಆ ಸೂಕ್ಷ್ಮದರ್ಶಕದ ಕೆಲಸಕ್ಕೆ ಎಷ್ಟು ಕೈಮುಗಿದರೂ ಸಾಲದು. ಆದರೂ ನನ್ನ ಮನಸ್ಸು ಪದೇಪದೇ ಹೋಗುವುದು ಬೆಂಗಳೂರಿನ ಆ ತೊಟ್ಟಿಗೆ. ಏಕೆಂದರೆ ಇವತ್ತಿಗೂ ನಮ್ಮ ಸಭೆಗಳಲ್ಲಿ ನಡೆಯುವುದು ಅದೇ ವಾದ: ತೊಟ್ಟಿ ಬೋರಲು ಹಾಕೋಣವೋ, ಬೇರೇನಾದರೂ ಮಾಡೋಣವೋ?

ಹೋದ ಮಳೆಗಾಲ ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಈ ಮಾತು ಬಂದಾಗ ನನ್ನ ಮಗಳು ಡೆಂಗಿಯಿಂದ ಎದ್ದು ಹದಿನೈದು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಸಂಜೆ ಪ್ಲೇಟ್‌ಲೆಟ್ ಎಣಿಕೆಯ ಚೀಟಿ ಹಿಡಿದು ಕೂತವರಿಗೆ ಗೊತ್ತು, ಆ ದಿನಗಳು ಹೇಗೆ ಕಳೆಯುತ್ತವೆ ಎಂದು. ಆಗ ಓದಿ, ಕೇಳಿ, ಮನೆ ಮನೆ ಸುತ್ತಿ ತಿಳಿದದ್ದನ್ನು ಇಲ್ಲಿ ಹೋಲಿಸಿ ಇಟ್ಟಿದ್ದೇನೆ. ಎಲ್ಲರಿಗೂ ಒಂದೇ ಉತ್ತರ ಇಲ್ಲ. ಉತ್ತರ ನಿಮ್ಮ ಸೊಳ್ಳೆ ಯಾವುದು ಎಂಬುದರ ಮೇಲಿದೆ.

ಮೊದಲು ಸೊಳ್ಳೆಯ ಜಾತಿ ನೋಡಿ

ಡೆಂಗಿ, ಚಿಕೂನ್‌ಗುನ್ಯಾ ತರುವುದು ಈಡಿಸ್. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಹಗಲು ಕಚ್ಚುತ್ತದೆ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಮುಸ್ಸಂಜೆಗೆ ಮುಂಚೆ. ಮೊಟ್ಟೆ ಇಡಲು ಮೋರಿಯ ಕೊಳಕು ನೀರು ಅದಕ್ಕೆ ಬೇಡ. ನಾವು ಶೇಖರಿಸಿಟ್ಟ ನೀರು, ಮಳೆ ನಿಂತ ಟೈರು, ತೆಂಗಿನ ಕರಟ, ಕೂಲರ್, ಫ್ರಿಡ್ಜಿನ ಹಿಂದಿನ ತಟ್ಟೆ ಬೇಕು. ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರಿನಾಚೆಗೆ ಹಾರುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ನಿಮ್ಮನ್ನು ಕಚ್ಚಿದ ಈಡಿಸ್ ನಿಮ್ಮ ಮನೆಯಲ್ಲೋ ಅಕ್ಕಪಕ್ಕದಲ್ಲೋ ಹುಟ್ಟಿದ್ದು, ದೂರದ ರಾಜಕಾಲುವೆಯಲ್ಲಲ್ಲ.

ಮಲೇರಿಯಾದ ಅನಾಫಿಲಿಸ್ ಗೋಡೆಯ ಮೇಲೆ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ, ರಾತ್ರಿ ಕಚ್ಚುತ್ತದೆ. ಇದರಲ್ಲೂ ಒಳಪಂಗಡಗಳಿವೆ. ಊರಿನ ಬಾವಿ, ಓವರ್‌ಹೆಡ್ ಟ್ಯಾಂಕು, ಕಟ್ಟಡ ಕಾಮಗಾರಿಯ ನೀರಿನಲ್ಲಿ ಬೆಳೆಯುವುದು ಸ್ಟೀಫೆನ್ಸಿ. ಮಂಗಳೂರಿನ ಮಲೇರಿಯಾಕ್ಕೆ ಮುಖ್ಯ ಕಾರಣ ಅದು. ಹಳ್ಳಿಯ ಕಡೆ ಕಾಲುವೆ, ಗುಂಡಿ, ಬಾವಿಗಳ ಕ್ಯುಲಿಸಿಫೇಸಿಸ್. ಬೆಟ್ಟದ ತೊರೆಗಳಲ್ಲಿ ಫ್ಲೂವಿಯಾಟಿಲಿಸ್.

ಮೂರನೆಯದು ಕ್ಯೂಲೆಕ್ಸ್. ರಾತ್ರಿಯಿಡೀ ಕಿವಿಯಲ್ಲಿ ಗುಂಯ್ಗುಡುವ ಕಂದು ಸೊಳ್ಳೆ, ಮೋರಿಯಲ್ಲಿ ಹುಟ್ಟಿದ್ದು. ಆನೆಕಾಲು ರೋಗ ಹರಡುವುದು ಇದು. ಇದರ ಇನ್ನೊಂದು ಬಳಗ ಭತ್ತದ ಗದ್ದೆಯಲ್ಲಿ ಬೆಳೆದು ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರ ತರುತ್ತದೆ. ಜನ ಹೆಚ್ಚು ದೂರು ಕೊಡುವುದು ಮೋರಿಯ ಕ್ಯೂಲೆಕ್ಸಿನ ಮೇಲೆ, ಏಕೆಂದರೆ ನಿದ್ದೆ ಕೆಡಿಸುವುದು ಅದೇ. ಆಸ್ಪತ್ರೆಗೆ ಸೇರಿಸುವುದು ಸದ್ದಿಲ್ಲದೆ ಹಗಲು ಕಾಲಿಗೆ ಕಚ್ಚುವ ಈಡಿಸ್. ದೂರಿನ ಪ್ರಕಾರ ದುಡ್ಡು ಖರ್ಚು ಮಾಡಿದರೆ ರೋಗ ಹಾಗೇ ಉಳಿಯುತ್ತದೆ.

ಜಾತಿ ತಿಳಿಯಲು ಸುಲಭದ ದಾರಿ ಹುಳು ನೋಡುವುದು. ಬಿಳಿ ಬಟ್ಟಲಲ್ಲಿ ನೀರು ಮೊಗೆದು ಬೆಳಕಿಗೆ ಹಿಡಿಯಿರಿ. ನೀರಿನ ಮೇಲ್ಮೈಗೆ ಸಮನಾಗಿ ಮಲಗಿದಂತಿದ್ದರೆ ಅನಾಫಿಲಿಸ್. ತಲೆಕೆಳಗಾಗಿ ಓರೆಯಲ್ಲಿ ನೇತಾಡುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ನೀರು ತಿಳಿಯಾಗಿದ್ದರೆ ಈಡಿಸ್ ಎಂದೇ ಇಟ್ಟುಕೊಂಡು ಕೆಲಸಕ್ಕೆ ಇಳಿಯಿರಿ.

ಹೊಗೆ ಹೊಡೆಸುವುದೋ, ಹುಳು ಹುಡುಕುವುದೋ?

ಸಂಘದ ಸಭೆಗಳಲ್ಲಿ ಮೊದಲು ಕೇಳುವ ಮಾತು ಫಾಗಿಂಗ್. ಅದು ಕಣ್ಣಿಗೆ ಕಾಣುತ್ತದೆ, ಸದ್ದು ಮಾಡುತ್ತದೆ, ಯಾರೋ ಏನೋ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ನೋಡಿ. ಡೀಸೆಲ್‌ನಂಥ ಎಣ್ಣೆಯಲ್ಲಿ ಬೆರೆಸಿದ ಕೀಟನಾಶಕದ ಸಣ್ಣ ಹನಿಗಳು ಗಾಳಿಯಲ್ಲಿ ತೇಲುತ್ತ, ಆ ಕ್ಷಣ ಹಾರುತ್ತಿರುವ ಸೊಳ್ಳೆಗೆ ತಾಗಿದರೆ ಅದು ಸಾಯುತ್ತದೆ. ಹೊಗೆ ಕರಗಿದ ಮೇಲೆ ಏನೂ ಉಳಿಯುವುದಿಲ್ಲ. ನೀರಿನಲ್ಲಿರುವ ಮೊಟ್ಟೆ, ಹುಳು, ಹುಳು ಸೊಳ್ಳೆಯಾಗುವ ಮುಂಚಿನ ಕೋಶಗಳಿಗೆ ಏನೂ ಆಗುವುದಿಲ್ಲ. ಒಂದೆರಡು ದಿನದಲ್ಲಿ ಹೊಸ ಪಡೆ ರೆಕ್ಕೆ ಬಿಚ್ಚಿ ಏಳುತ್ತದೆ. ಈಡಿಸ್ ಅಂತೂ ಹೆಚ್ಚು ಹೊತ್ತು ಮನೆಯೊಳಗೇ ಇರುವ ಸೊಳ್ಳೆ: ಮಂಚದ ಕೆಳಗೆ, ಕಿಟಕಿಯ ಪರದೆಯ ಹಿಂದೆ, ನೇತುಹಾಕಿದ ಅಂಗಿಯ ಮಡಿಕೆಯಲ್ಲಿ. ಬೀದಿಯಲ್ಲಿ ಮೆಷಿನ್ ಸದ್ದು ಕೇಳಿದ ಕೂಡಲೇ ನಾವೆಲ್ಲ ಕಿಟಕಿ ಬಾಗಿಲು ಹಾಕಿಕೊಳ್ಳುತ್ತೇವೆ. ಕೊಲ್ಲಬೇಕಾದ ಸೊಳ್ಳೆ ಒಳಗೆ, ಹೊಗೆ ಹೊರಗೆ.

ಹಾಗೆಂದು ಫಾಗಿಂಗ್ ಬೇಡವೇ ಬೇಡ ಅನ್ನುವುದಿಲ್ಲ. ಒಂದು ಬೀದಿಯಲ್ಲಿ ಡೆಂಗಿ ಒಬ್ಬರಿಂದ ನಾಲ್ವರಿಗೆ ಹಬ್ಬುತ್ತಿರುವಾಗ, ಆಗಲೇ ವೈರಸ್ ಹೊತ್ತು ಹಾರುತ್ತಿರುವ ಸೊಳ್ಳೆಗಳನ್ನು ಕೂಡಲೇ ತಗ್ಗಿಸಲು ಬೇರೆ ದಾರಿ ಕಡಿಮೆ. ಆಗಲೂ ರೋಗಿಯ ಮನೆ ಮತ್ತು ಸುತ್ತಲಿನ ಮನೆಗಳ ಒಳಗೆ ಪೈರೆತ್ರಮ್ ಎಂಬ ಕೀಟನಾಶಕ ಸಿಂಪಡಿಸುವುದು ಬೀದಿಯ ಹೊಗೆಗಿಂತ ಹೆಚ್ಚು ಉಪಯೋಗ. ಪ್ರತಿ ಶನಿವಾರ ಸಂಜೆ ವಾಡಿಕೆಯಂತೆ ಹೊಡೆಸುವ ಫಾಗಿಂಗ್‌ಗೆ ಮಾತ್ರ ನಾನು ಒಂದು ರೂಪಾಯಿಯನ್ನೂ ಒಪ್ಪುವುದಿಲ್ಲ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಅದಕ್ಕೆ ಜಗ್ಗದ ಸೊಳ್ಳೆಗಳನ್ನು ನಾವೇ ಆರಿಸಿ ಸಾಕಿದಂತಾಗುತ್ತದೆ.

ಹುಳು ಹುಡುಕುವ ಕೆಲಸಕ್ಕೆ ಸದ್ದಿಲ್ಲ, ಹೆಸರಿಲ್ಲ. ಆದರೆ ಲೆಕ್ಕ ಅದರ ಪರವಾಗಿದೆ. ಬೆಚ್ಚಗಿನ ದಿನಗಳಲ್ಲಿ ಈಡಿಸ್ ಮೊಟ್ಟೆಯಿಂದ ಸೊಳ್ಳೆಯಾಗಲು ಹೆಚ್ಚುಕಡಿಮೆ ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಯಾವ ಹುಳುವೂ ರೆಕ್ಕೆ ಕಾಣುವುದಿಲ್ಲ. ಎರಡು ವಾರಕ್ಕೊಮ್ಮೆ ಚೆಲ್ಲಿದರೆ ಒಂದು ಸಂಸಾರ ಹಾರಿ ಹೋಗಿರುತ್ತದೆ. ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ: ಈಡಿಸ್ ಮೊಟ್ಟೆ ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮುಂದಿನ ಮಳೆಗೆ ನೀರು ಮುಟ್ಟಿದರೆ ಒಡೆಯುತ್ತದೆ. ಹಾಗಾಗಿ ಡ್ರಮ್ಮು, ತೊಟ್ಟಿ, ಬಾನಿಗಳನ್ನು ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಬೇಕು.

ನಮ್ಮಲ್ಲಿ ಇಬ್ಬರು ಮೂವರು ಟಾರ್ಚ್ ಹಿಡಿದು ಮನೆ ಮನೆ ಹತ್ತಿದೆವು. ಸಂಪಿನ ಮುಚ್ಚಳ ಸರಿಯಾಗಿತ್ತು, ಟ್ಯಾಂಕು ಸರಿಯಾಗಿತ್ತು. ಹುಳು ಸಿಕ್ಕಿದ್ದು ಬಾಲ್ಕನಿಯ ಹೂಕುಂಡದ ಕೆಳಗಿನ ತಟ್ಟೆಗಳಲ್ಲಿ, ಬಾಟಲಿಯಲ್ಲಿಟ್ಟ ಮನಿಪ್ಲಾಂಟಿನಲ್ಲಿ, ಯಾರೂ ಬಳಸದ ಶೌಚಾಲಯದ ಕಮೋಡಿನಲ್ಲಿ, ಲಿಫ್ಟಿನ ಗುಂಡಿಯಲ್ಲಿ. ಊರಲ್ಲಿ ಬೀಗ ಹಾಕಿದ ಮನೆಗಳು ಇದೇ ಕಾರಣಕ್ಕೆ ತೊಂದರೆ. ಮಲೆನಾಡು, ಕರಾವಳಿಯ ತೋಟದವರು ನೋಡಬೇಕಾದ್ದು ಬೇರೆ: ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರು, ಎಳನೀರು ಕುಡಿದು ಎಸೆದ ಬುರುಡೆ, ಮಳೆಗಾಲದಲ್ಲಿ ರಬ್ಬರ್ ಮರಕ್ಕೆ ಕಟ್ಟಿಯೇ ಬಿಟ್ಟ ಬಟ್ಟಲು. ಅಲ್ಲಿ ಹುಲಿಪಟ್ಟೆಯ ಇನ್ನೊಂದು ಈಡಿಸ್, ಆಲ್ಬೊಪಿಕ್ಟಸ್, ನೆಲೆಯೂರುತ್ತದೆ. ಹಾಳೆ ಆರಿಸಿ ಒಟ್ಟುವುದು, ಬಟ್ಟಲು ಮಗುಚುವುದು: ಇವಕ್ಕೆ ಬದಲಾಗಿ ಯಾವ ಔಷಧಿಯೂ ಇಲ್ಲ.

"ಎಲ್ಲ ಕಡೆ ಹುಡುಕಲು ಆಗುತ್ತದೆಯೇ? ಒಂದು ಬಿಟ್ಟರೂ ವ್ಯರ್ಥವಲ್ಲವೇ?" ಎಂದು ಕೇಳುವವರಿಗೆ ರಾಸ್ ಅವರೇ ಉತ್ತರ ಕೊಟ್ಟಿದ್ದಾರೆ. 1907-08ರಲ್ಲಿ ಮಾರಿಷಸ್‌ಗೆ ಹೋಗಿ ಮಲೇರಿಯಾ ಅಧ್ಯಯನ ಮಾಡಿದ ಮೇಲೆ ಅವರು ರೋಗ ಹಬ್ಬುವಿಕೆಯನ್ನು ಗಣಿತದ ಸಮೀಕರಣಗಳಲ್ಲಿ ಬರೆದರು. ಅದರಿಂದ ಹೊರಟ ಮಾತು: ಸೊಳ್ಳೆಯನ್ನು ಪೂರ್ತಿ ಅಳಿಸಬೇಕಾಗಿಲ್ಲ. ಒಂದು ಮಿತಿಗಿಂತ ಕೆಳಗಿಳಿಸಿದರೆ, ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ದಾಟುವ ಸರಪಳಿ ತಾನಾಗಿ ಕಡಿಯುತ್ತದೆ. ಇವತ್ತಿನ ಸಾಂಕ್ರಾಮಿಕ ರೋಗಗಳ ಗಣಿತವೆಲ್ಲ ಆ ಬೇರಿನಿಂದ ಚಿಗುರಿದ್ದು. ನೂರಕ್ಕೆ ನೂರು ಆಗದಿದ್ದರೂ ಮಾಡಿದ್ದು ನಷ್ಟವಲ್ಲ.

ಕರ್ನಾಟಕದಲ್ಲಿ ಇದು ಈಗ ಕಾನೂನಿನ ವಿಷಯವೂ ಹೌದು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು: ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200, ನಗರದ ಕಟ್ಟಡ ಕಾಮಗಾರಿ ಮತ್ತು ಖಾಲಿ ಜಾಗಕ್ಕೆ 2,000. ಕ್ಯೂರಿಂಗ್‌ಗೆಂದು ತಾರಸಿಯ ಮೇಲೆ ವಾರಗಟ್ಟಲೆ ನೀರು ಕಟ್ಟಿ ನಿಲ್ಲಿಸುವ ಗುತ್ತಿಗೆದಾರರು ಇದನ್ನು ಗಮನಿಸಬೇಕು. ಆ ನೀರಿನ ಪಕ್ಕದ ಶೆಡ್ಡಿನಲ್ಲಿ ಪರದೆಯಿಲ್ಲದೆ ಮಲಗುವ ಕೂಲಿಯವರಿಗೇ ಮೊದಲು ಮಲೇರಿಯಾ ಬರುವುದು.

ಚೆಲ್ಲಲಾಗದ ನೀರಿಗೆ: ಮೀನು, ಬಿಟಿಐ, ಟೆಮಿಫಾಸ್

ಬಾವಿ, ಕಲ್ಯಾಣಿ, ಜಾನುವಾರಿನ ದೊಡ್ಡ ತೊಟ್ಟಿಗಳನ್ನು ವಾರವಾರ ಖಾಲಿ ಮಾಡಲಾಗದು. ಅಲ್ಲಿ ನಾನು ಮೊದಲು ಹೇಳುವುದು ಗಪ್ಪಿ ಮೀನು. ಕೋಲಾರ, ಹಾಸನ ಜಿಲ್ಲೆಗಳ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯ ಬಿಟ್ಟು, ಹುಳುಗಳ ಸಂಖ್ಯೆ ಇಳಿದದ್ದನ್ನೂ ಜೊತೆಗೆ ಮಲೇರಿಯಾ ತಗ್ಗಿದ್ದನ್ನೂ ದಾಖಲಿಸಿದರು. ಅಲ್ಲಿ ಅದು ಫಲಿಸಿದ್ದಕ್ಕೆ ಕಾರಣವಿದೆ: ಆ ಬಯಲುಸೀಮೆಯಲ್ಲಿ ಅನಾಫಿಲಿಸ್ ಬೆಳೆಯುವ ಜಾಗಗಳು ಎಣಿಸುವಷ್ಟೇ, ಮತ್ತು ಅವು ವರ್ಷವಿಡೀ ನೀರಿರುವ ಬಾವಿಗಳು. ಮಳೆಗಾಲದಲ್ಲಿ ಹೆಜ್ಜೆಗೊಂದು ಗುಂಡಿ ತುಂಬುವ ಊರಿನಲ್ಲಿ ಮೀನು ಅಷ್ಟು ಕೈ ಹಿಡಿಯುವುದಿಲ್ಲ.

ಗಪ್ಪಿಯೋ ಗ್ಯಾಂಬೂಸಿಯವೋ? ಎರಡೂ ಮರಿ ಹಾಕುವ ಮೀನು, ಬೇಗ ಹೆಚ್ಚುತ್ತವೆ. ಹುಳು ತಿನ್ನುವುದರಲ್ಲಿ ಗ್ಯಾಂಬೂಸಿಯ ಮುಂದು. ಆದರೆ ಅದು ಬೇರೆ ಮೀನಿನ ಮರಿ, ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ. ಲೋಕದ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಗಪ್ಪಿ ಸ್ವಲ್ಪ ಕೊಳಕು ನೀರನ್ನೂ ತಡೆಯುತ್ತದೆ, ಸಾಕುವುದೂ ಸುಲಭ. ನನ್ನ ಆಯ್ಕೆ ಗಪ್ಪಿ, ಅದೂ ಹೊರಹರಿವಿಲ್ಲದ ಬಾವಿ ಮತ್ತು ತೊಟ್ಟಿಗಳಿಗೆ ಮಾತ್ರ. ಎರಡೂ ಹೊರದೇಶದ ಮೀನುಗಳೇ. ದಯವಿಟ್ಟು ಯಾವುದನ್ನೂ ಕೆರೆಗೆ, ಹಳ್ಳಕ್ಕೆ ಬಿಡಬೇಡಿ. ಅಲ್ಲಿ ನಮ್ಮ ನಾಡಿನದೇ ಮೀನುಗಳು ಹುಳು ತಿನ್ನುವ ಕೆಲಸ ಮಾಡುತ್ತಿರುತ್ತವೆ. ಕ್ಲೋರಿನ್ ಹಾಕಿದ ನೀರಿನಲ್ಲಿ ಮೀನು ಸಾಯುತ್ತದೆ ಎಂಬುದೂ ನೆನಪಿರಲಿ.

ಅಲಂಕಾರದ ಕೊಳ, ಲಿಫ್ಟ್ ಗುಂಡಿ, ನೆಲಮಾಳಿಗೆಯಲ್ಲಿ ಒಸರಿ ನಿಂತ ನೀರಿಗೆ ಬಿಟಿಐ ಒಳ್ಳೆಯದು. ಇದು 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ ಒಂದು ಬ್ಯಾಕ್ಟೀರಿಯಾ. ಇದರ ಹರಳುಗಳನ್ನು ನುಂಗಿದ ಸೊಳ್ಳೆಹುಳುವಿನ ಕರುಳು ಒಡೆಯುತ್ತದೆ. ಮನುಷ್ಯರಿಗೆ, ದನಕರುಗಳಿಗೆ, ಮೀನಿಗೆ, ಜೇನಿಗೆ ಏನೂ ಮಾಡುವುದಿಲ್ಲ. ಕುಂದು ಎಂದರೆ ಬಾಳಿಕೆ ಕಡಿಮೆ, ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಮತ್ತೆ ಹಾಕಬೇಕು. ಕೊಳಕು ಮೋರಿಯಲ್ಲಿ ಇನ್ನೂ ಬೇಗ ಸೋಲುತ್ತದೆ. ಹುಳು ಕೊಲ್ಲುವ ರಾಸಾಯನಿಕವಾದ ಟೆಮಿಫಾಸ್ ಅಗ್ಗ, ಹೆಚ್ಚು ದಿನ ನಿಲ್ಲುತ್ತದೆ. ಲೀಟರಿಗೆ ಒಂದು ಮಿಲಿಗ್ರಾಮಿನ ಮಿತಿಯೊಳಗೆ ಕುಡಿಯುವ ನೀರಿಗೂ ಹಾಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೂ ಅದನ್ನು ಆರೋಗ್ಯ ಇಲಾಖೆಯವರ ಕೈಯಿಂದಲೇ ಅಳತೆ ಮಾಡಿ ಹಾಕಿಸಿ, ಅಂದಾಜಿನ ಮೇಲೆ ನೀವೇ ಸುರಿಯಬೇಡಿ. ಸಂಪಿಗೆ ಇವೆರಡಕ್ಕಿಂತ ಒಳ್ಳೆಯದು ಬಿಗಿಯಾದ ಮುಚ್ಚಳ, ಗಾಳಿಕೊಳವೆಯ ಬಾಯಿಗೆ ಕಟ್ಟಿದ ಜಾಲರಿ.

ಭತ್ತದ ಗದ್ದೆಯ ನೀರು ಇನ್ನೊಂದು ಕಥೆ. ಅಲ್ಲಿ ಸದಾ ನೀರು ನಿಲ್ಲಿಸುವ ಬದಲು ನಡುನಡುವೆ ಕೆಲವು ದಿನ ಒಣಗಲು ಬಿಟ್ಟು ಮತ್ತೆ ಹಾಯಿಸಿದರೆ ಹುಳು ಸಾಯುತ್ತವೆ, ನೀರೂ ಉಳಿಯುತ್ತದೆ. ಕಾಲುವೆಯ ಸರದಿ ಅದಕ್ಕೆ ಹೊಂದಬೇಕು ಅಷ್ಟೆ.

ಮೈ ಕಾಯಲು: ಪರದೆ, ಲೇಪ, ಕಾಯಿಲ್, ಲಿಕ್ವಿಡ್

ಮಲೇರಿಯಾ ಇರುವ ಕಡೆ ಪರದೆಗೆ ಸಾಟಿ ಇಲ್ಲ. 2000ದಿಂದ 2015ರ ನಡುವೆ ಆಫ್ರಿಕಾದಲ್ಲಿ ಅಂದಾಜು 66 ಕೋಟಿ ಮಲೇರಿಯಾ ಪ್ರಕರಣಗಳನ್ನು ತಪ್ಪಿಸಲಾಯಿತು, ಅದರಲ್ಲಿ ಶೇ. 68ರಷ್ಟು ಕೀಟನಾಶಕ ಲೇಪಿತ ಪರದೆಯಿಂದ. ಇವು ಸುಮಾರು ಮೂರು ವರ್ಷ ಬಾಳುತ್ತವೆ. ಪದೇಪದೇ ಒಗೆದರೆ, ಬಿಸಿಲಿಗೆ ಒಣಹಾಕಿದರೆ ಲೇಪದ ಬಲ ಇಳಿಯುತ್ತದೆ, ನೆರಳಿನಲ್ಲಿ ಆರಿಸಿ.

ಡೆಂಗಿಗೆ ಪರದೆಯಿಂದ ಏನು ಪ್ರಯೋಜನ, ಈಡಿಸ್ ಹಗಲು ಕಚ್ಚುತ್ತದಲ್ಲ ಅನ್ನಬಹುದು. ಇದೆ. ಹಗಲು ಮಲಗುವ ಕೂಸು, ಬಾಣಂತಿ, ಹಾಸಿಗೆ ಹಿಡಿದ ಹಿರಿಯರು ಪರದೆಯೊಳಗಿರಲಿ. ಅದಕ್ಕಿಂತ ಮುಖ್ಯ, ಡೆಂಗಿ ಬಂದವರೇ ಜ್ವರದ ಮೊದಲ ಐದಾರು ದಿನ ಪರದೆಯೊಳಗಿರಬೇಕು. ಆ ದಿನಗಳಲ್ಲಿ ಅವರ ರಕ್ತದಲ್ಲಿ ವೈರಸ್ ಇರುತ್ತದೆ. ಕಚ್ಚಿದ ಸೊಳ್ಳೆ ಎಂಟರಿಂದ ಹನ್ನೆರಡು ದಿನದಲ್ಲಿ ರೋಗ ಹಂಚಲು ತಯಾರಾಗುತ್ತದೆ, ಮೊದಲು ಸಿಗುವವರು ಅದೇ ಮನೆಯವರು, ನಂತರ ಪಕ್ಕದ ಮನೆಯವರು. ಮಗಳಿಗೆ ಜ್ವರ ಬಂದಾಗ ನನಗಿದು ಗೊತ್ತಿರಲಿಲ್ಲ. ಯಾರೂ ಹೇಳಲೂ ಇಲ್ಲ.

ಹಗಲಿನ ಸೊಳ್ಳೆಗೆ ಮೈಗೆ ಹಚ್ಚುವ ಲೇಪ ಬೇಕು. ಡೀಟ್, ಪಿಕಾರಿಡಿನ್, ಐಆರ್3535 ಇವುಗಳಲ್ಲಿ ಒಂದು ಇದೆಯೇ ಎಂದು ಡಬ್ಬಿಯ ಹಿಂದೆ ಓದಿ. ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ ಇವು ಬೇಡ, ಪರದೆಯೇ ಸಾಕು. ಬೇವಿನ ಎಣ್ಣೆ, ಸಿಟ್ರೊನೆಲ್ಲ ಸ್ವಲ್ಪ ಹೊತ್ತು ಕಾಯುತ್ತವೆ, ಮಗುವನ್ನು ಶಾಲೆಗೆ ಕಳಿಸುವಾಗ ಅದನ್ನೇ ನಂಬುವಂತಿಲ್ಲ.

ಕಾಯಿಲ್ ಮತ್ತು ಲಿಕ್ವಿಡ್ ನಡುವೆ ಆರಿಸಬೇಕಾದರೆ ಲಿಕ್ವಿಡ್ ಆರಿಸಿ. 2003ರ ಒಂದು ಅಧ್ಯಯನದಲ್ಲಿ ಒಂದು ಕಾಯಿಲ್ ಪೂರ್ತಿ ಉರಿದಾಗ ಹೊರಬಿಟ್ಟ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು ಕಂಡುಬಂತು. ಬಾಗಿಲು ಹಾಕಿದ ಕೋಣೆಯಲ್ಲಿ, ಉಬ್ಬಸ ಇರುವವರ ಪಕ್ಕ ಅದನ್ನು ಹಚ್ಚಬೇಡಿ. ಶಬ್ದದಿಂದ ಸೊಳ್ಳೆ ಓಡಿಸುವ ಅಲ್ಟ್ರಾಸಾನಿಕ್ ಯಂತ್ರಗಳು ಪರೀಕ್ಷೆಗಳಲ್ಲಿ ಕಡಿತವನ್ನು ತಡೆದಿಲ್ಲ, ಕೊಳ್ಳಬೇಡಿ. ಈ ಯಾವುದಕ್ಕಿಂತಲೂ ಕಿಟಕಿಗೆ ಒಮ್ಮೆ ಜಾಲರಿ ಹೊಡೆಸುವುದು ದೀರ್ಘಕಾಲಕ್ಕೆ ಅಗ್ಗ.

ಊರು ಸೇರಿ ಆರಿಸಬೇಕಾದವು

ಗೋಡೆಗೆ ಔಷಧಿ ಹೊಡೆಯುವುದರ ಚರಿತ್ರೆ ನಮಗೆ ದೊಡ್ಡ ಪಾಠ. 1947ರಲ್ಲಿ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಮಲೇರಿಯಾ ಪ್ರಕರಣ, ಎಂಟು ಲಕ್ಷ ಸಾವು. 1953ರಲ್ಲಿ ಡಿಡಿಟಿ ಸಿಂಪಡಣೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, 1960ರ ದಶಕದ ನಡುವಿಗೆ ಪ್ರಕರಣ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಗೆದ್ದೆವೆಂದು ಕೈ ಸಡಿಲ ಬಿಟ್ಟದ್ದು, ಡಿಡಿಟಿಗೆ ಜಗ್ಗದ ಸೊಳ್ಳೆ ಹುಟ್ಟಿದ್ದು, ಎರಡೂ ಕೂಡಿ 1976ಕ್ಕೆ ಮತ್ತೆ 64 ಲಕ್ಷ. ಮಲೇರಿಯಾ ಉಳಿದಿರುವ ಹಳ್ಳಿಗೆ ಗೋಡೆ ಸಿಂಪಡಣೆ ಇಂದಿಗೂ ಸರಿಯಾದ ಆಯ್ಕೆ. ಈಡಿಸ್ ಕಾಡುವ ನಗರಕ್ಕೆ ಅಷ್ಟಲ್ಲ, ಏಕೆಂದರೆ ಅದು ಗೋಡೆಗಿಂತ ಬಟ್ಟೆ, ಪೀಠೋಪಕರಣಗಳ ಮೇಲೆ ಕೂರುವುದು ಹೆಚ್ಚು.

ವೋಲ್ಬಾಕಿಯ ಎಂಬುದು ಹಲವು ಕೀಟಗಳ ಜೀವಕೋಶದೊಳಗೆ ಸಹಜವಾಗಿ ಬದುಕುವ ಬ್ಯಾಕ್ಟೀರಿಯಾ, ಡೆಂಗಿಯ ಮುಖ್ಯ ಸೊಳ್ಳೆಯಾದ ಈಡಿಸ್ ಈಜಿಪ್ಟಿಯಲ್ಲಿ ಸಹಜವಾಗಿ ಇಲ್ಲ. ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ಮತ್ತು ಅವರ ತಂಡ ಹಣ್ಣುನೊಣದಿಂದ ಅದನ್ನು ತೆಗೆದು ಈಡಿಸ್‌ಗೆ ಸೇರಿಸಲು ವರ್ಷಗಟ್ಟಲೆ ದುಡಿದರು. ಅದು ಒಳಗಿದ್ದರೆ ಡೆಂಗಿ ವೈರಸ್ ಸೊಳ್ಳೆಯಲ್ಲಿ ಬೆಳೆಯಲು ಒದ್ದಾಡುತ್ತದೆ, ಮತ್ತು ತಾಯಿಯಿಂದ ಮರಿಗೆ ಸಾಗುವುದರಿಂದ ಊರಿನ ಸೊಳ್ಳೆಗಳಲ್ಲಿ ತಾನೇ ಹಬ್ಬುತ್ತದೆ. 2011ರಲ್ಲಿ ಕೇರ್ನ್ಸ್ ಊರಲ್ಲಿ ಮೊದಲು ಬಿಟ್ಟರು. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಬಡಾವಣೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದಾಗ ಡೆಂಗಿ ಶೇ. 77ರಷ್ಟು, ಆಸ್ಪತ್ರೆ ಸೇರುವುದು ಶೇ. 86ರಷ್ಟು ಕಡಿಮೆಯಾಯಿತು, 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಡೆಂಗಿ ತಡೆಯಲು ಇಷ್ಟು ಗಟ್ಟಿ ಪುರಾವೆಯುಳ್ಳ ಸೊಳ್ಳೆ ನಿಯಂತ್ರಣದ ಉಪಾಯಗಳು ಬಹಳ ಕಡಿಮೆ. ಕಡಿತ ಮಾತ್ರ ನಿಲ್ಲುವುದಿಲ್ಲ, ಮಲೇರಿಯಾಕ್ಕೂ ಇದು ಮದ್ದಲ್ಲ.

ಸಿಂಗಾಪುರ ಇನ್ನೊಂದು ದಾರಿ ಹಿಡಿದಿದೆ: ವೋಲ್ಬಾಕಿಯ ಇರುವ ಗಂಡುಗಳನ್ನಷ್ಟೇ ಬಿಡುತ್ತಾರೆ, ಅವು ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ, ಸೊಳ್ಳೆಯೇ ಕಡಿಮೆಯಾಗುತ್ತದೆ. ಬ್ರೆಜಿಲ್, ಫ್ಲಾರಿಡಾಗಳಲ್ಲಿ ಬಿಟ್ಟ ಕುಲಾಂತರಿ ಗಂಡುಗಳದ್ದೂ ಇಂಥದೇ ಗುರಿ. ಈ ಎರಡರಲ್ಲೂ ಬಿಡುವುದನ್ನು ನಿಲ್ಲಿಸಿದರೆ ಸೊಳ್ಳೆ ಮರಳುತ್ತದೆ, ಖರ್ಚಿಗೆ ಕೊನೆಯಿಲ್ಲ. ನಮ್ಮಂಥ ದಟ್ಟ ಊರುಗಳಿಗೆ ತಾನೇ ಹಬ್ಬುವ ಮೊದಲ ದಾರಿಯೇ ಹೊಂದುತ್ತದೆ ಎಂದು ನನಗನ್ನಿಸುತ್ತದೆ. ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ನಮ್ಮ ಸೊಳ್ಳೆಗಳಿಗೇ ಹೊಂದುವ ಎರಡು ವೋಲ್ಬಾಕಿಯ ತಳಿಗಳನ್ನು ಸಿದ್ಧಪಡಿಸಿದೆ. ಎರಡು ಏಕೆಂದರೆ ಒಂದು ತಳಿ ಬಿರುಬೇಸಗೆಯ ಶಾಖಕ್ಕೆ ಸೊರಗುತ್ತದೆ, ಇನ್ನೊಂದು ಹೆಚ್ಚು ತಾಳುತ್ತದೆ. ಬಿಡುವ ಮುಂಚೆ ಜನಕ್ಕೆ ಬಿಚ್ಚಿ ಹೇಳಬೇಕು. 1970ರ ದಶಕದಲ್ಲಿ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಡೆದ ಬಂಜೆ ಗಂಡುಸೊಳ್ಳೆಗಳ ಪ್ರಯೋಗ ಅನುಮಾನ, ವಿವಾದಗಳಲ್ಲಿ ಸಿಕ್ಕಿ 1975ರಲ್ಲಿ ಮುಚ್ಚಿಹೋಯಿತು.

ಲಸಿಕೆ

ಡೆಂಗಿಗೆ ನಮ್ಮ ದೇಶದಲ್ಲೇ ತಯಾರಾದ ಲಸಿಕೆಯ ಮೂರನೇ ಹಂತದ ಪರೀಕ್ಷೆ 2024ರ ಆಗಸ್ಟಿನಲ್ಲಿ ಶುರುವಾಗಿದೆ. ಪುಣೆಯಲ್ಲಿ ತಯಾರಾಗುವ ಆರ್21 ಮಲೇರಿಯಾ ಲಸಿಕೆ ಆಫ್ರಿಕಾದ ಮಕ್ಕಳಿಗೆ ಹೋಗುತ್ತಿದೆ. ಇವುಗಳಿಗೆ ಕಾಯುತ್ತ ತೊಟ್ಟಿ ತಿಕ್ಕುವುದನ್ನು ಬಿಡಬೇಡಿ.

ಆದರೆ ಮೆದುಳು ಜ್ವರಕ್ಕೆ ಲಸಿಕೆ ಈಗಲೇ ಇದೆ, ಮತ್ತು ಅಲ್ಲಿ ಮೊದಲ ಆಯ್ಕೆ ಅದೇ. ಗದ್ದೆಯ ಕ್ಯೂಲೆಕ್ಸನ್ನು ತಗ್ಗಿಸುವುದು ಕಷ್ಟ. ವೈರಸ್ ಕೊಕ್ಕರೆ, ಹಂದಿಗಳಲ್ಲಿ ಉಳಿದುಕೊಂಡಿರುತ್ತದೆ. ರೋಗ ಕಾಣಿಸಿಕೊಳ್ಳುವ ಜಿಲ್ಲೆಗಳಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲೇ ಮಗುವಿಗೆ ಎರಡು ಸಲ ಹಾಕುತ್ತಾರೆ, ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವೆ ಇನ್ನೊಮ್ಮೆ. ಭಾರತದಲ್ಲಿ ತಯಾರಾದ ಜೆನ್‌ವ್ಯಾಕ್ ಲಸಿಕೆಗೆ ಬಳಸಿದ ವೈರಸ್ ತಳಿ ಸಿಕ್ಕಿದ್ದು ಕೋಲಾರದ ರೋಗಿಯೊಬ್ಬರಿಂದ. ಮಗುವಿನ ತಾಯಿ ಕಾರ್ಡು ತೆಗೆದು ಆ ಎರಡು ಮನೆಗಳಲ್ಲಿ ದಿನಾಂಕ ಬರೆದಿದ್ದಾರೆಯೇ ನೋಡಿ. ಖಾಲಿಯಿದ್ದರೆ ನಿಮ್ಮ ಜಿಲ್ಲೆಯಲ್ಲಿ ಈ ಲಸಿಕೆ ಉಂಟೇ ಎಂದು ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿ.